ಪಹಣಿಯ ಶುಲ್ಕ, ನಕ್ಷೆಯ ಬೆಲೆ

ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿ 6.40 ಲಕ್ಷಕ್ಕೂ ಹೆಚ್ಚು ಜಮೀನುಗಳ ಗಡಿ, ನಂಬರು, ವಿಳಾಸಗಳನ್ನು ಒಂದೇ ಗಣಕ ನಕ್ಷೆಯಲ್ಲಿ ಜೋಡಿಸಿಟ್ಟಿತ್ತು. ಸಿಯೆರಾ ಕ್ಲಬ್ ಎಂಬ ಪರಿಸರ ಸಂಘಟನೆ ಅದರ ಪ್ರತಿ ಕೇಳಿದಾಗ ಕೌಂಟಿ ಹೇಳಿದ ಪರವಾನಗಿ ಶುಲ್ಕ 3,75,000 ಡಾಲರ್. ಬೇಡವೆಂದರೆ ಕಾಗದದಲ್ಲೋ ಪಿಡಿಎಫ್‌ನಲ್ಲೋ ಒಯ್ಯಬಹುದಿತ್ತು. ಆದರೆ ಪಿಡಿಎಫ್ ನೋಡಲು ಸರಿ, ಲಕ್ಷಾಂತರ ಜಮೀನುಗಳನ್ನು ಅಳೆದು ತಾಳೆ ನೋಡುವವರಿಗೆ ಅದು ಕೆಲಸಕ್ಕೆ ಬಾರದು.

ಕೌಂಟಿಯ ಕಷ್ಟವೂ ಸುಳ್ಳಲ್ಲ. ನಕ್ಷೆ ಕಟ್ಟಲು ದುಡ್ಡು ಸುರಿದಿತ್ತು. ಮಾರಾಟ, ವಿಭಾಗ ಆದಂತೆಲ್ಲ ಅದನ್ನು ತಿದ್ದುತ್ತಲೇ ಇರಬೇಕು. ಸರ್ಕಾರಿ ಕಚೇರಿಗಳು ತಾವು ರೂಪಿಸಿದ ಸಾಫ್ಟ್‌ವೇರ್ ಮಾರಬಹುದೆಂದು 1988ರ ಕಾನೂನೊಂದು ಹೇಳಿತ್ತು. ನಕ್ಷೆಯೊಳಗಿನ ಮಾಹಿತಿಯೂ ಅದರಲ್ಲೇ ಸೇರಿತು ಎಂಬುದು ಕೌಂಟಿಯ ವಾದ. 2013ರ ಜುಲೈನಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಒಮ್ಮತದಿಂದ ಅದನ್ನು ತಳ್ಳಿಹಾಕಿತು. ಸಾಫ್ಟ್‌ವೇರ್ ಬೇರೆ, ಅದರಲ್ಲಿ ತುಂಬಿದ ದಾಖಲೆ ಬೇರೆ. ದಾಖಲೆ ಜನರದ್ದು, ಪ್ರತಿ ಮಾಡಿಕೊಡುವ ಖರ್ಚಷ್ಟೇ ವಸೂಲಿ ಮಾಡಬಹುದು.

ಈ ತೀರ್ಪು ನನಗೆ ಪೂರ್ತಿ ಒಪ್ಪಿಗೆ. ತೆರಿಗೆ ಕೊಟ್ಟು ಬರೆಸಿದ ದಾಖಲೆಯನ್ನು ಮತ್ತೆ ದುಡ್ಡು ಕೊಟ್ಟು ಕೊಳ್ಳಿ ಎನ್ನುವುದು ನ್ಯಾಯವಲ್ಲ. ಅಂಥ ಬೆಲೆ ಕಟ್ಟಡ ಕಂಪನಿಗೆ ಎಟುಕೀತು, ಊರಿನ ಕೆರೆ ಉಳಿಸಲು ಹೊರಟವರಿಗೆ ಎಟುಕದು.

ಹಾಗೆಂದು ಎಲ್ಲ ಶುಲ್ಕವೂ ತಪ್ಪಲ್ಲ. ಕರ್ನಾಟಕದ 'ಭೂಮಿ' ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಪ್ರತಿಗೆ 15 ರೂಪಾಯಿಯಂತೆ ಕೊಡತೊಡಗಿತು. ಕೈಬರಹದ ಪಹಣಿಗೆ ಅಧಿಕೃತ ದರ 2 ರೂಪಾಯಿಯೇ ಇತ್ತು. ಅದನ್ನು ಕೈಗೆ ಪಡೆಯಲು ರೈತ ಗ್ರಾಮಲೆಕ್ಕಿಗನ ಹಿಂದೆ ಅಲೆಯಬೇಕಿತ್ತು, ಕೈ ಬಿಸಿ ಮಾಡಬೇಕಿತ್ತು. ಆ 15 ರೂಪಾಯಿ ಕಿಟಕಿಯನ್ನು ನಡೆಸುವ ಖರ್ಚಿಗೂ ಒದಗಿತು.

ಆದರೆ ಪಹಣಿಯ 9ನೇ ಕಾಲಂನಲ್ಲಿ ಮಾಲೀಕನ ಹೆಸರಿದೆ, 11ನೇ ಕಾಲಂನಲ್ಲಿ ಬ್ಯಾಂಕಿನ ಸಾಲವಿದೆ. ಒಬ್ಬ ರೈತ ಒಂದು ಪ್ರತಿ ಕೇಳುವುದಕ್ಕೂ ಇಡೀ ಹೋಬಳಿಯ ಸಾಲದ ಲೆಕ್ಕವನ್ನು ಸಗಟಾಗಿ ಕೇಳುವುದಕ್ಕೂ ಅಜಗಜಾಂತರ. ಕೇಂದ್ರ ಸಾರಿಗೆ ಸಚಿವಾಲಯ ವಾಹನ ಮತ್ತು ಚಾಲಕರ ಮಾಹಿತಿಯನ್ನು ಹೀಗೇ ಸಗಟಾಗಿ ಕೊಟ್ಟು ಸುಮಾರು 65 ಕೋಟಿ ರೂಪಾಯಿ ಗಳಿಸಿದ್ದನ್ನು 2019ರಲ್ಲಿ ಸಂಸತ್ತಿಗೆ ತಿಳಿಸಿತು. ಖಾಸಗಿತನದ ಆತಂಕ ಎದ್ದು, ಮರುವರ್ಷವೇ ಆ ನೀತಿಯನ್ನು ಕೈಬಿಟ್ಟಿತು. ಜಮೀನಿನ ನಕ್ಷೆ, ಗಡಿ, ಕೆರೆ, ಗೋಮಾಳದ ವಿವರಗಳು ಎಲ್ಲರಿಗೂ ಪ್ರತಿಯ ಖರ್ಚಿಗೇ ಸಿಗಲಿ. ಸಾಲದ ಕಾಲಂ ಮಾತ್ರ ಎಷ್ಟು ಕೋಟಿ ಕೊಟ್ಟರೂ ಸಗಟು ವ್ಯಾಪಾರಕ್ಕೆ ಇಳಿಯಬಾರದು.