ಊರು ಬದಲಾದರೆ ಲೈಸೆನ್ಸೂ ಬದಲಾಗಬೇಕೆ?

ವ್ಯಾಪಾರದ ನಿಮಿತ್ತ ಒಂದು ರಾಜ್ಯ ಬಿಟ್ಟು ಇನ್ನೊಂದು ರಾಜ್ಯದಲ್ಲಿ ನೆಲೆಸುವುದು ನಮ್ಮ ಸಮಾಜದ ಮನೆತನಗಳಿಗೆ ಹೊಸ ಸಂಗತಿಯೇನಲ್ಲ. ಸುಲ್ತಾನ್ ಬತ್ತೇರಿಯ ಹಳೆಯ ಬಸದಿಯನ್ನು ನೋಡಿ ಬಂದವರಿಗೆ, ಕನ್ನಡ ಮಾತಿನ ಜೈನರು ಎಷ್ಟು ಹಿಂದೆಯೇ ವಯನಾಡಿನ ಬೆಟ್ಟಗಳನ್ನು ಸೇರಿದ್ದರೆಂಬುದು ತಿಳಿದೇ ಇದೆ. ಆದರೆ ಅಂದು ಹೇರು ಹೊಡೆದುಕೊಂಡು ಹೋದವರ ಎತ್ತುಗಳಿಗೆ ನಂಬರ್ ಪ್ಲೇಟ್ ಇರಲಿಲ್ಲ. ಇಂದು ಅಂಗಡಿ ತೆರೆಯುವ ಮೊದಲೇ ಕಾಗದಪತ್ರಗಳ ಕಟ್ಟು ಸಿದ್ಧವಾಗಬೇಕು. ಆ ಕಟ್ಟಿನಲ್ಲಿ ನಮ್ಮವರು ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿದುಕೊಂಡಿರುವ ಕಾಗದವೆಂದರೆ ಕಿಸೆಯಲ್ಲಿರುವ ಡ್ರೈವಿಂಗ್ ಲೈಸೆನ್ಸ್.

ಚಾಮರಾಜನಗರದ ಒಂದು ಅಂಗಡಿ ಮನೆತನದ ಮಗ ನೀಲಗಿರಿಯ ಕೀಳ್ ಕೋತಗಿರಿಯಲ್ಲಿ ದಿನಸಿ ಮತ್ತು ಚಹಾಪುಡಿ ವ್ಯಾಪಾರ ಹೂಡಿದನೆಂದು ಇಟ್ಟುಕೊಳ್ಳೋಣ. ಸುತ್ತಲಿನ ಹಟ್ಟಿಗಳಲ್ಲಿ ಬಡಗರಿದ್ದಾರೆ. ಅವರ ಮಾತು ಕನ್ನಡಕ್ಕೆ ಹತ್ತಿರವಾದ್ದರಿಂದ ಗಿರಾಕಿಗಳೊಂದಿಗೆ ವ್ಯವಹಾರಕ್ಕೆ ಹೆಚ್ಚು ದಿನ ಬೇಕಾಗುವುದಿಲ್ಲ. ಆದರೆ ಕಛೇರಿಯ ಭಾಷೆ ತಮಿಳು, ಆರ್.ಟಿ.ಓ. ಕಛೇರಿ ಇರುವುದು ಉದಕಮಂಡಲದಲ್ಲಿ. ಇವನ ಬಳಿ ಕೆ.ಎ.10 ಸಂಖ್ಯೆಯ ಒಂದು ಕಾರು, ಸಾಮಾನು ತರಲು ಒಂದು ಸಣ್ಣ ಗೂಡ್ಸ್ ವಾಹನ, ಕರ್ನಾಟಕದ ಲೈಸೆನ್ಸ್ ಇವೆ. ಜಿ.ಎಸ್.ಟಿ. ರಾಜ್ಯಕ್ಕೊಂದು ನೋಂದಣಿ ಕೇಳುತ್ತದೆ, ಆದ್ದರಿಂದ ತಮಿಳುನಾಡಿನಲ್ಲಿ ಹೊಸ ನಂಬರ್ ಪಡೆದಾಯಿತು. ಹಾಗೆಯೇ ಲೈಸೆನ್ಸೂ ಹೊಸದಾಗಬೇಕೆಂದು ಅವನು ಭಾವಿಸುತ್ತಾನೆ. ಇಷ್ಟು ಕೊಡಿ, ಇಲ್ಲಿಯದೇ ಒಂದು ಮಾಡಿಸಿಕೊಡುತ್ತೇನೆ ಎನ್ನುವ ಮಧ್ಯವರ್ತಿ ಯಾವ ಊರಿನಲ್ಲಿಯಾದರೂ ಸಿಗುತ್ತಾನೆ.

ಇಲ್ಲಿಯೇ ಎಚ್ಚರ ಬೇಕು. 1988ರ ಮೋಟಾರು ವಾಹನ ಕಾಯಿದೆಯ 13ನೆಯ ಕಲಮಿನ ಪ್ರಕಾರ ಲೈಸೆನ್ಸ್ ಭಾರತದಾದ್ಯಂತ ಊರ್ಜಿತ. ಚಾಮರಾಜನಗರದಲ್ಲಿ ಪಡೆದದ್ದು ಕೀಳ್ ಕೋತಗಿರಿಯಲ್ಲಿಯೂ ನಡೆಯುತ್ತದೆ, ಕಾಶ್ಮೀರದಲ್ಲಿಯೂ ನಡೆಯುತ್ತದೆ. ಅಮೆರಿಕದಲ್ಲಿರುವ ನಮ್ಮ ಮಕ್ಕಳ ಅನುಭವ ಬೇರೆ. ಅಲ್ಲಿ ಲೈಸೆನ್ಸ್ ಕೊಡುವುದು ಆಯಾ ರಾಜ್ಯ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದವರು 10 ದಿನಗಳೊಳಗೆ, ಟೆಕ್ಸಾಸಿನಲ್ಲಿ 90 ದಿನಗಳೊಳಗೆ ಅಲ್ಲಿಯ ಲೈಸೆನ್ಸ್ ಪಡೆಯಬೇಕು. ಅವರು ಫೋನಿನಲ್ಲಿ ಹೇಳಿದ ಮಾತನ್ನು ಕೇಳಿ ಇಲ್ಲಿಯೂ ಹಾಗೆಯೇ ಎಂದು ತಿಳಿಯಬಾರದು. ನಮ್ಮ ಕಾಯಿದೆಯ 6ನೆಯ ಕಲಮು, ಊರ್ಜಿತ ಲೈಸೆನ್ಸ್ ಇರುವಾಗ ಇನ್ನೊಂದನ್ನು ಇಟ್ಟುಕೊಳ್ಳುವುದನ್ನೇ ನಿಷೇಧಿಸುತ್ತದೆ. ಹಿಂದೆ ಕಛೇರಿಗೊಂದು ರಿಜಿಸ್ಟರ್ ಇದ್ದ ಕಾಲದಲ್ಲಿ ಎರಡು ರಾಜ್ಯಗಳ ಎರಡು ಲೈಸೆನ್ಸ್ ಇಟ್ಟುಕೊಂಡು ಅದನ್ನೇ ಜಾಣತನವೆಂದು ಹೇಳಿಕೊಳ್ಳುತ್ತಿದ್ದವರಿದ್ದರು. ಈಗ ದೇಶದ ದಾಖಲೆಗಳು ಸಾರಥಿ ಎಂಬ ಒಂದೇ ಗಣಕ ವ್ಯವಸ್ಥೆಯಲ್ಲಿವೆ. ಹಳೆಯದನ್ನು ಬಚ್ಚಿಟ್ಟು ಹೊಸದಕ್ಕೆ ಅರ್ಜಿ ಹಾಕುವುದು ಸುಳ್ಳು ಹೇಳಿಕೆಗೆ ಸಹಿ ಮಾಡಿದಂತೆಯೇ ಸರಿ.

ಮಾಡಬೇಕಾದದ್ದು ವಿಳಾಸ ಬದಲಾವಣೆ ಮಾತ್ರ. ಊರು ಬಿಟ್ಟ ಮಾತ್ರಕ್ಕೆ ಲೈಸೆನ್ಸ್ ರದ್ದಾಗುವುದಿಲ್ಲ. ಆದರೂ ಹೊಸ ಊರಿನಲ್ಲಿ ಸ್ಥಿರವಾದ ಮೇಲೆ ವಿಳಾಸ ಬದಲಾಯಿಸಿಕೊಳ್ಳುವುದೇ ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಪರಿವಾಹನ್ ಜಾಲತಾಣದ ಸಾರಥಿ ವಿಭಾಗದಲ್ಲಿ ಅರ್ಜಿ ತುಂಬಿ, ಹೊಸ ವಿಳಾಸದ ಆಧಾರ್‌ನಂತಹ ಪುರಾವೆ ಮತ್ತು ಹಳೆಯ ಲೈಸೆನ್ಸ್ ತೋರಿಸಬೇಕು. ಕೇಂದ್ರ ನಿಯಮದ ಶುಲ್ಕ 200 ರೂಪಾಯಿ, ಕಾರ್ಡಿನ ಶುಲ್ಕ ಮತ್ತು ರಾಜ್ಯದ ಸೇವಾ ಶುಲ್ಕ ಬೇರೆ. ಮೊದಲು ಆಧಾರ್‌ನಲ್ಲಿ ವಿಳಾಸ ಸರಿಪಡಿಸಿಕೊಂಡರೆ ಉಳಿದದ್ದು ಸುಗಮ. ತಮಿಳುನಾಡಿನಲ್ಲಿ ಕಾರ್ಡು ಸ್ಪೀಡ್ ಪೋಸ್ಟಿನಲ್ಲಿ ಮನೆಗೆ ಬರುವುದರಿಂದ ಹಟ್ಟಿಯ ಹೆಸರು, ಅಂಚೆ, ಪಿನ್‌ಕೋಡ್ ತಪ್ಪಿಲ್ಲದೆ ಇರಬೇಕು. ಬೆಟ್ಟದ ಊರಿನಲ್ಲಿ 'ಬಸ್‌ಸ್ಟ್ಯಾಂಡಿನ ಹತ್ತಿರ' ಎಂದು ಬರೆದರೆ ಸಾಲದು.

ವಿಳಾಸಕ್ಕಿಂತ ದೊಡ್ಡ ಅಪಾಯವಿರುವುದು ಅವಧಿಯಲ್ಲಿ. ಹೊಸ ಊರಿನ ಗಡಿಬಿಡಿಯಲ್ಲಿ ಲೈಸೆನ್ಸಿನ ಕೊನೆಯ ದಿನಾಂಕ ನೋಡುವವರು ಕಡಿಮೆ. 30 ವರ್ಷದೊಳಗೆ ಪಡೆದ ಖಾಸಗಿ ವಾಹನದ ಲೈಸೆನ್ಸ್ ಈಗಿನ ನಿಯಮದಂತೆ 40 ವಯಸ್ಸಿನವರೆಗೆ, 30ರಿಂದ 50ರ ನಡುವೆ ಪಡೆದದ್ದು 10 ವರ್ಷ, 50ರಿಂದ 55ರ ನಡುವೆ ಪಡೆದದ್ದು 60ರವರೆಗೆ, ಆಮೇಲಿನದು ಐದೈದು ವರ್ಷ. ಮುಗಿಯುವ ಒಂದು ವರ್ಷ ಮೊದಲಿನಿಂದ ಮುಗಿದ ಒಂದು ವರ್ಷದವರೆಗೆ ನವೀಕರಿಸಬಹುದು. ಅದನ್ನು ದಾಟಿದರೆ ಮತ್ತೆ ವಾಹನ ಓಡಿಸಿ ತೋರಿಸುವ ಪರೀಕ್ಷೆ. 40 ದಾಟಿದವರು ವೈದ್ಯರ ಪ್ರಮಾಣಪತ್ರವನ್ನೂ ಕೊಡಬೇಕು. ನವೀಕರಣಕ್ಕೆ ಒಂದು ವರ್ಷ ಇದೆಯೆಂದರೆ ಅಷ್ಟು ದಿನ ಓಡಿಸಬಹುದೆಂದು ಅರ್ಥವಲ್ಲ. ಮೊದಲು 30 ದಿನಗಳ ರಿಯಾಯಿತಿ ಇತ್ತು, 2019ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಲಾಗಿದೆ. ಊರ್ಜಿತ ಲೈಸೆನ್ಸ್ ಇಲ್ಲದೆ ಓಡಿಸಿದರೆ ಕಾಯಿದೆಯಲ್ಲಿ 5,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಎರಡೂ. ಅಂಥವನಿಗೆ ಗಾಡಿ ಕೊಟ್ಟ ಮಾಲೀಕನಿಗೂ ಶಿಕ್ಷೆ ಉಂಟು.

ದಂಡವನ್ನು ಕಟ್ಟಿ ಮರೆಯಬಹುದು. ಅಪಘಾತವಾದರೆ ಮಾತ್ರ ಲೆಕ್ಕವೇ ಬೇರೆ. ಓಡಿಸಿದವನಿಗೆ ಊರ್ಜಿತ ಲೈಸೆನ್ಸ್ ಇರಲಿಲ್ಲವೆಂದು ತೋರಿಬಂದಾಗ, ವಿಮಾ ಕಂಪನಿ ಗಾಯಗೊಂಡವರಿಗೆ ಪರಿಹಾರ ಕೊಟ್ಟು ಆ ಮೊತ್ತವನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ನ್ಯಾಯಾಲಯಗಳು ಆದೇಶಿಸುವುದುಂಟು. ಎರಡು ತಲೆಮಾರು ಕೂಡಿಸಿದ ಬಂಡವಾಳ ಒಂದು ತಿರುವಿನಲ್ಲಿ ಹೋಗಬಹುದು. ಕೋತಗಿರಿಯಿಂದ ಮೇಟುಪಾಳ್ಯಕ್ಕೆ ಇಳಿಯುವ ಘಾಟಿನಲ್ಲಿ ಅಂಥ ತಿರುವುಗಳಿಗೆ ಕೊರತೆಯಿಲ್ಲ. ಬಯಲು ನಾಡಿನಲ್ಲಿ ಕಲಿತವರು ಮೊದಲ ಕೆಲವು ದಿನ ಸ್ಥಳೀಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಲೇಸು. ಇಳಿಜಾರಿನಲ್ಲಿ ಬ್ರೇಕನ್ನೇ ನೆಚ್ಚದೆ ಕೆಳಗಿನ ಗೇರಿನಲ್ಲಿ ಇಳಿಯಬೇಕು, ರಸ್ತೆ ಕಿರಿದಾದಲ್ಲಿ ಮೇಲೇರಿ ಬರುವ ಗಾಡಿಗೆ ದಾರಿ ಬಿಡಬೇಕು.

ಗೂಡ್ಸ್ ವಾಹನದ ವಿಷಯದಲ್ಲಿ ವ್ಯಾಪಾರಸ್ಥರಿಗೆ ಸಮಾಧಾನದ ಸುದ್ದಿಯೊಂದಿದೆ. ಲಘು ಮೋಟಾರು ವಾಹನದ ಲೈಸೆನ್ಸ್ ಇರುವವರು ಒಟ್ಟು ತೂಕ 7,500 ಕಿಲೋ ಮೀರದ ಸರಕು ವಾಹನವನ್ನೂ ಓಡಿಸಬಹುದು, ಅದಕ್ಕೆ ಬೇರೆ ಅನುಮತಿ ಬೇಕಿಲ್ಲ ಎಂದು 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ಆದರೆ ಅಪಾಯಕಾರಿ ಸರಕು ಸಾಗಿಸುವ ವಾಹನಗಳಿಗೆ ಇದು ಅನ್ವಯಿಸುವುದಿಲ್ಲ.

ಲೈಸೆನ್ಸ್ ವ್ಯಕ್ತಿಯದು, ದೇಶಕ್ಕೆಲ್ಲ ಒಂದೇ. ಗಾಡಿಯ ನಂಬರ್ ಹಾಗಲ್ಲ, ಅದು ರಾಜ್ಯಕ್ಕೆ ಅಂಟಿದ್ದು. ಇವೆರಡನ್ನು ತಲೆಕೆಳಗು ಮಾಡಿಕೊಂಡು, ಬದಲಾಯಿಸಬೇಕಿಲ್ಲದ ಲೈಸೆನ್ಸಿಗೆ ಹಣ ಸುರಿದು, ಬದಲಾಯಿಸಬೇಕಾದ ಗಾಡಿಯನ್ನು ಹಾಗೆಯೇ ಬಿಡುವವರು ನಮ್ಮಲ್ಲಿ ಅನೇಕರು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡ ವಾಹನಕ್ಕೆ ಅಲ್ಲಿಯ ನಂಬರ್ ಪಡೆಯಬೇಕೆಂದು 47ನೆಯ ಕಲಮು ಹೇಳುತ್ತದೆ. ಮೊದಲು ಚಾಮರಾಜನಗರದ ಕಛೇರಿಯಿಂದ ನಿರಾಕ್ಷೇಪಣಾ ಪತ್ರ ಬೇಕು, ಸಾಲದ ಗಾಡಿಯಾದರೆ ಬ್ಯಾಂಕಿನದೂ ಬೇಕು. ತಮಿಳುನಾಡಿನ ತೆರಿಗೆ ಕಟ್ಟಿ ಟಿ.ಎನ್.43 ನಂಬರ್ ಪಡೆದ ಮೇಲೆ, ಕರ್ನಾಟಕದಲ್ಲಿ ಕಟ್ಟಿದ್ದ ಆಜೀವ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ಮರಳಿ ಕೇಳಬಹುದು. ಓಡಾಟಕ್ಕೆ ತೊಂದರೆ ಬೇಡವೆಂದು ಬಿ.ಎಚ್. ನಂಬರ್ ಕೇಳುವವರಿಗೆ ಒಂದು ಮಾತು: 2021ರಲ್ಲಿ ಬಂದ ಆ ಸೌಲಭ್ಯ ಸರ್ಕಾರಿ ನೌಕರರಿಗೆ ಮತ್ತು ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಛೇರಿಯಿರುವ ಸಂಸ್ಥೆಗಳ ನೌಕರರಿಗೆ. ಒಂದೆರಡು ಊರಿನ ಅಂಗಡಿಗಳಿಗೆ ಅದು ದಕ್ಕುವುದಿಲ್ಲ.

ನೀಲಗಿರಿಯಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರಿತು. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಜಿಲ್ಲೆಗೆ ಬರುವ ಹೊರಗಿನ ವಾಹನಗಳಿಗೆ ಇ-ಪಾಸ್ ಪದ್ಧತಿ ಜಾರಿಗೆ ಬಂದಾಗ ಟಿ.ಎನ್.43 ವಾಹನಗಳಿಗೆ ವಿನಾಯಿತಿ ದೊರೆಯಿತು. ಕೀಳ್ ಕೋತಗಿರಿಯಲ್ಲಿಯೇ ಮನೆ ಮಾಡಿಕೊಂಡವರ ಕೆ.ಎ. ಗಾಡಿ ತಪಾಸಣಾ ಠಾಣೆಯಲ್ಲಿ ಪ್ರವಾಸಿಗರ ಗಾಡಿಗಳ ಸಾಲಿಗೆ ಸೇರಿತು.

ಕೈಬರಹದ ಹಳೆಯ ಪುಸ್ತಕದ ಲೈಸೆನ್ಸ್ ಇಟ್ಟುಕೊಂಡಿರುವ ಹಿರಿಯರು ಅದರ ಸಂಖ್ಯೆ ಸಾರಥಿಯಲ್ಲಿ ಕಾಣುತ್ತದೆಯೇ ಎಂದು ಮನೆಯ ಮಕ್ಕಳಿಂದ ಈಗಲೇ ನೋಡಿಸಬೇಕು. ಕಾಣದಿದ್ದರೆ ಅದನ್ನು ಕೊಟ್ಟ ಮೂಲ ಕಛೇರಿಯಲ್ಲಿಯೇ ವಿಚಾರಿಸಬೇಕು, ಉದಕಮಂಡಲದಲ್ಲಿ ಕುಳಿತು ಆಗುವ ಕೆಲಸವಲ್ಲ. ಶ್ರವಣಬೆಳಗೊಳಕ್ಕೋ ನೆಂಟರ ಮನೆಯ ಶುಭಕಾರ್ಯಕ್ಕೋ ಆ ಕಡೆ ಹೋಗುವಾಗ, ಕಛೇರಿ ತೆರೆದಿರುವ ಒಂದು ದಿನವನ್ನು ಸೇರಿಸಿಕೊಂಡು ಪುಸ್ತಕ, ಅದರ ನಕಲು, ಎರಡು ಫೋಟೋ ಇಟ್ಟುಕೊಂಡು ಹೊರಡುವುದು ಒಳ್ಳೆಯದು. ಮರಳುವಾಗ ಗುಂಡ್ಲುಪೇಟೆಯನ್ನು ಹೊತ್ತಿಗೆ ಮುಂಚೆಯೇ ಬಿಡಬೇಕು. ಬಂಡೀಪುರದ ರಸ್ತೆ 2009ರಿಂದಲೂ ರಾತ್ರಿ 9ರಿಂದ ಬೆಳಗಿನ 6ರವರೆಗೆ ಖಾಸಗಿ ವಾಹನಗಳಿಗೆ ಮುಚ್ಚಿರುತ್ತದೆ.