ದಾನಿಯ ಅಂಡಾಣು, ತಾಯಿಯ ಒಡಲು

ಬೆಳೆ ಬಾರದ ನೆಲವನ್ನು ಬಂಜರು ಎನ್ನುತ್ತೇವೆ, ಮಕ್ಕಳಾಗದ ಹೆಣ್ಣನ್ನು ಬಂಜೆ ಎನ್ನುತ್ತಾರೆ. ಮಳೆಯನ್ನೇ ನಂಬಿದ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹಳ್ಳಿಗಳಲ್ಲಿ ಈ ಹೋಲಿಕೆ ಸಲೀಸಾಗಿ ನಾಲಿಗೆಗೆ ಬರುತ್ತದೆ. ಗಂಡು ಬೀಜ, ಹೆಣ್ಣು ಹೊಲ ಎಂಬುದು ಇದರ ಹಿಂದಿರುವ ಲೆಕ್ಕ. ಸಸ್ಯಶಾಸ್ತ್ರ ಓದಿದ ವಿದ್ಯಾರ್ಥಿಯೂ ಈ ಲೆಕ್ಕ ತಪ್ಪೆಂದು ಹೇಳಬಲ್ಲ. ಪರಾಗ ಮತ್ತು ಅಂಡ ಕೂಡಿದ ಮೇಲಷ್ಟೇ ಬೀಜವಾಗುವುದು! ಸಸ್ತನಿಗಳ ಅಂಡಾಣುವನ್ನು ಕಾರ್ಲ್ ಅರ್ನ್ಸ್ಟ್ ಫಾನ್ ಬೇಯರ್ ಗುರುತಿಸಿದ್ದು 1827ರಲ್ಲಿ. ಆದರೂ ಮಕ್ಕಳಾಗದಿದ್ದರೆ ಮೊದಲು ಪರೀಕ್ಷೆಗೆ ಹೋಗುವವಳು ಹೆಂಡತಿಯೇ. ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಗಂಡಿನ ಕಾರಣವೂ ಸೇರಿರುತ್ತದೆ, ವೀರ್ಯ ಪರೀಕ್ಷೆಯಾದರೋ ಬಲು ಸುಲಭ.

ಎಲ್ಲ ಪರೀಕ್ಷೆಗಳೂ ಮುಗಿದು, "ನಿಮ್ಮ ಅಂಡಾಣುವಿನಿಂದ ಗರ್ಭ ನಿಲ್ಲುವ ಸಾಧ್ಯತೆ ತೀರ ಕಡಿಮೆ, ಬೇರೊಬ್ಬರು ದಾನ ಮಾಡಿದ ಅಂಡಾಣು ಪಡೆಯುವಿರಾ?" ಎಂದು ವೈದ್ಯರು ಕೇಳಿದರೆಂದುಕೊಳ್ಳಿ. ಹಾಗೆ ಹುಟ್ಟುವ ಮಗು ನನ್ನದಾಗುತ್ತದೆಯೇ ಎಂಬುದೇ ಆ ಹೆಣ್ಣಿಗೆ ಮೊದಲು ಹೊಳೆಯುವ ಪ್ರಶ್ನೆ. ಇದಕ್ಕೆ ವಿಜ್ಞಾನ ಎಷ್ಟು ಉತ್ತರ ಕೊಡಬಲ್ಲುದೋ ಅಷ್ಟನ್ನು ನೋಡೋಣ.

ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ ಸುಮಾರು 10ರಿಂದ 20 ಲಕ್ಷ ಅಪಕ್ವ ಅಂಡಾಣುಗಳಿರುತ್ತವೆ. ಮುಂದೆ ಈ ಸಂಖ್ಯೆ ಇಳಿಯುತ್ತಲೇ ಹೋಗುತ್ತದೆ. ಮೈನೆರೆಯುವ ಹೊತ್ತಿಗೆ ಉಳಿಯುವುದು ಮೂರು-ನಾಲ್ಕು ಲಕ್ಷ. ಜೀವಮಾನದಲ್ಲಿ ಪಕ್ವವಾಗಿ ಹೊರಬರುವುದು ನಾನೂರೋ ಐನೂರೋ. ಕೋಶವಿಭಜನೆ ಹುಟ್ಟುವ ಮೊದಲೇ ಶುರುವಾಗಿ, ನಡುವೆ ನಿಂತು, ದಶಕಗಳ ಕಾಲ ಕಾದಿರುತ್ತದೆ. ಕಾದಷ್ಟೂ ವರ್ಣತಂತುಗಳು ತಪ್ಪಾಗಿ ಹಂಚಿಕೆಯಾಗುವ ಸಂಭವ ಹೆಚ್ಚು. ನಲವತ್ತು ದಾಟಿದವರಿಗೆ, ಅಕಾಲದಲ್ಲಿ ಮುಟ್ಟು ನಿಂತವರಿಗೆ, ಕ್ಯಾನ್ಸರ್ ಚಿಕಿತ್ಸೆಯಿಂದ ಅಂಡಾಶಯ ಸೊರಗಿದವರಿಗೆ ದಾನದ ಮಾತು ಬರುವುದು ಇದರಿಂದಲೇ. ಗರ್ಭಾಶಯ ಮಾತ್ರ ಅಷ್ಟು ಬೇಗ ಮುಪ್ಪಾಗುವುದಿಲ್ಲ. ತರುಣಿಯ ಅಂಡಾಣು ಪಡೆದ ಹಿರಿಯ ಹೆಂಗಸರಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಬಹುಮಟ್ಟಿಗೆ ದಾನಿಯ ವಯಸ್ಸನ್ನು ಅನುಸರಿಸುತ್ತದೆ. ಆದರೆ ಇಂಥ ಬಸುರಿನಲ್ಲಿ ರಕ್ತದೊತ್ತಡ ಏರುವ ಅಪಾಯ ಹೆಚ್ಚೆಂಬುದನ್ನು ಮರೆಯಬಾರದು.

ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದ್ದು 1978ರ ಜುಲೈ 25ರಂದು. ಅಂಡಾಶಯ ಕೆಲಸ ಮಾಡದ ಮಹಿಳೆಯೊಬ್ಬಳು ದಾನದ ಅಂಡಾಣುವಿನಿಂದ ಬಸುರಾದುದನ್ನು ಆಸ್ಟ್ರೇಲಿಯದ ಮೊನಾಷ್ ತಂಡ 1984ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿತು. ಆಗ ಇಬ್ಬರು ಹೆಂಗಸರ ಋತುಚಕ್ರಗಳನ್ನೂ ಹೊಂದಿಸಬೇಕಿತ್ತು, ಏಕೆಂದರೆ ಅಂಡಾಣುವನ್ನು ಕೂಡಿಡುವ ವಿದ್ಯೆ ಇನ್ನೂ ಕೈಗೆ ಬಂದಿರಲಿಲ್ಲ.

ಭೌತವಿಜ್ಞಾನದ ಮೇಷ್ಟರಿಗೆ ಇಲ್ಲೇನು ಕೆಲಸ ಎನ್ನುವವರಿಗೆ ಉತ್ತರ ಇಲ್ಲಿದೆ. ಶೈತ್ಯೀಕರಿಸಿದ ವೀರ್ಯದಿಂದ ಗರ್ಭ ನಿಂತದ್ದು 1953ರಲ್ಲೇ ವರದಿಯಾಗಿತ್ತು. ಅಂಡಾಣುವಿನಲ್ಲಿ ಇದು ಸಾಧ್ಯವಾದ ವರದಿ ಬರಲು 1986 ಆಗಬೇಕಾಯಿತು. ಕಾರಣ ಗಾತ್ರ. ಅಂಡಾಣುವಿನ ವ್ಯಾಸ ಸುಮಾರು 0.1 ಮಿಲಿಮೀಟರು, ಒಳಗೆಲ್ಲ ನೀರು. ಗೋಳದ ಮೇಲ್ಮೈಗೂ ಘನಗಾತ್ರಕ್ಕೂ ಇರುವ ಅನುಪಾತ 3/r ತಾನೇ? r ದೊಡ್ಡದಾದಷ್ಟೂ ನೀರು ಹೊರಹೋಗುವುದು ನಿಧಾನ. ಒಳಗುಳಿದ ನೀರು ಹರಳುಗಟ್ಟಿ ಕೋಶದ ಒಳರಚನೆಯನ್ನೇ ಸೀಳಿಬಿಡುತ್ತದೆ. ಸಕ್ಕರೆ ಪಾಕವನ್ನು ನೆನೆಯಿರಿ: ನಿಧಾನವಾಗಿ ಆರಿಸಿದರೆ ಕಲ್ಲುಸಕ್ಕರೆಯ ಹರಳು, ಗಟ್ಟಿ ಪಾಕವನ್ನು ಬೇಗ ತಣಿಸಿದರೆ ಗಾಜಿನಂಥ ಪೆಪ್ಪರಮಿಂಟು. ಇದೇ ಉಪಾಯ ಇಲ್ಲಿಯೂ. ರಕ್ಷಕ ದ್ರಾವಣದಲ್ಲಿ ಅದ್ದಿದ ಅಂಡಾಣುವನ್ನು ಅತ್ಯಲ್ಪ ಹನಿಯೊಂದರಲ್ಲಿಟ್ಟು -196 ಡಿಗ್ರಿ ಸೆಲ್ಸಿಯಸ್‌ನ ದ್ರವ ನೈಟ್ರೊಜನ್ನಿಗೆ ಇಳಿಸುತ್ತಾರೆ. ನಿಮಿಷಕ್ಕೆ ಸಾವಿರಾರು ಡಿಗ್ರಿ ವೇಗದಲ್ಲಿ ತಣಿಯುವುದರಿಂದ ನೀರಿನ ಅಣುಗಳಿಗೆ ಸಾಲುಗೂಡಲು ಪುರುಸೊತ್ತೇ ಸಿಗದು. ಅಂಡಾಣು ಬ್ಯಾಂಕುಗಳು ನಿಂತಿರುವುದು ಈ ವಿಟ್ರಿಫಿಕೇಷನ್ ತಂತ್ರದ ಮೇಲೆ.

ಈಗ ಆ ಹೆಣ್ಣಿನ ಪ್ರಶ್ನೆಗೆ ಬರೋಣ. ಮಗುವಿನ ಕೋಶಕೇಂದ್ರದ ವರ್ಣತಂತುಗಳಲ್ಲಿ ಅರ್ಧ ದಾನಿಯವು, ಅರ್ಧ ತಂದೆಯವು. ಮೈಟೊಕಾಂಡ್ರಿಯದ 37 ಜೀನುಗಳೂ ದಾನಿಯವೇ. ಇದರಲ್ಲಿ ಹೊತ್ತ ತಾಯಿಯ ಪಾಲಿಲ್ಲ, ಇದನ್ನು ಮರೆಮಾಚಿ ಸಮಾಧಾನ ಹೇಳುವುದು ಸರಿಯಲ್ಲ. ಆದರೆ ಅಂಡಾಣುವಿನ ತೂಕ ಎಷ್ಟು? ಸುಮಾರು ಅರ್ಧ ಮೈಕ್ರೊಗ್ರಾಂ. ಮೂರು ಕಿಲೊ ತೂಗುವ ಶಿಶು ಅದರ ಆರುನೂರು ಕೋಟಿ ಪಟ್ಟು! ಮೂಳೆಯ ಸುಣ್ಣ, ರಕ್ತದ ಕಬ್ಬಿಣ, ಉಸಿರಿನ ಆಮ್ಲಜನಕ ಎಲ್ಲವೂ ಒಂಬತ್ತು ತಿಂಗಳು ಹೊತ್ತವಳ ರಕ್ತದಿಂದಲೇ ಬಂದುವು.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯ್ದೆಯ ಪ್ರಕಾರ ಹೀಗೆ ಹುಟ್ಟಿದ ಮಗು ದಂಪತಿಯದೇ, ಅದಕ್ಕೆ ಎಲ್ಲ ಹಕ್ಕುಗಳೂ ಉಂಟು. ದಾನಿಗೆ ಮಗುವಿನ ಮೇಲೆ ಹಕ್ಕಿಲ್ಲ. ದಾನಿಯ ವಯಸ್ಸು 23ರಿಂದ 35ರೊಳಗಿರಬೇಕು. ಆಕೆ ಜೀವಮಾನದಲ್ಲಿ ಒಮ್ಮೆ ಮಾತ್ರ ದಾನ ಮಾಡಬಹುದು. ಆಕೆಯಿಂದ ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ. ಈ ಮಿತಿ ಸುಮ್ಮನೆ ಬಂದದ್ದಲ್ಲ. ಆಕೆಗೆ ಹಲವು ದಿನ ಹಾರ್ಮೋನಿನ ಚುಚ್ಚುಮದ್ದು ಕೊಡುತ್ತಾರೆ, ಸೂಜಿಯಿಂದ ಅಂಡಾಣು ಹೀರುತ್ತಾರೆ. ಅಂಡಾಶಯ ಅತಿಯಾಗಿ ಕೆರಳಿದರೆ ಜೀವಕ್ಕೇ ಕುತ್ತು. ಹಾಗಾಗಿ ಆಕೆಯ ಹೆಸರಿನಲ್ಲಿ ಹನ್ನೆರಡು ತಿಂಗಳ ವಿಮೆ ಮಾಡಿಸುವುದು ಕಡ್ಡಾಯ. ಬಯಸುವ ಹೆಂಗಸಿಗೆ 50 ವರ್ಷ ತುಂಬಿರಬಾರದು. ಹೊಳಲ್ಕೆರೆಯಿಂದಲೋ ಹೊಸದುರ್ಗದಿಂದಲೋ ಬಸ್ಸು ಹತ್ತಿ ದೂರದ ನಗರದ ಚಿಕಿತ್ಸಾಲಯಕ್ಕೆ ಹೋಗುವವರು, ಖರ್ಚು ಕೇಳುವ ಮೊದಲು, ಚಿಕಿತ್ಸಾಲಯಕ್ಕೂ ಬ್ಯಾಂಕಿಗೂ ನೋಂದಣಿ ಇದೆಯೇ ಎಂದು ಕೇಳಲಿ. ದಾನಿಯ ಆರೋಗ್ಯ ವಿವರಗಳನ್ನೂ ಕೇಳಿಟ್ಟುಕೊಳ್ಳಲಿ, ಮುಂದೆ ಮಗುವಿಗೆ ಕಾಯಿಲೆ ಬಂದಾಗ ವೈದ್ಯರಿಗೆ ಬೇಕಾಗುವುದು ಆ ವಂಶದ ಚರಿತ್ರೆ.

ಶಿಕ್ಷಕರಿಗೆ ಇನ್ನೊಂದು ಮಾತು. ಅನುವಂಶೀಯತೆಯ ಪಾಠದಲ್ಲಿ ಅಪ್ಪ-ಅಮ್ಮನ ರಕ್ತದ ಗುಂಪು ಬರೆದುತರಲು ಹೇಳುವ ರೂಢಿ ಕೆಲವೆಡೆ ಇದೆ. ಅಮ್ಮನದು ಎಬಿ, ಮಗನದು ಒ ಎಂದಿದ್ದರೆ ಸಾಮಾನ್ಯ ನಿಯಮಕ್ಕೆ ಅದು ಹೊಂದದು, ದಾನದ ಅಂಡಾಣುವಾದರೆ ಹೊಂದುತ್ತದೆ. ಮನೆಯಲ್ಲಿ ಇನ್ನೂ ಹೇಳಿರದ ಸಂಗತಿ ಕರಿಹಲಗೆಯ ಮೇಲೆ ಬಯಲಾಗುವುದು ಬೇಡ. ಕಲ್ಪಿತ ಕುಟುಂಬವೊಂದರ ಗುಂಪುಗಳನ್ನು ಕೊಡಿ. ಲೆಕ್ಕ ಅಷ್ಟೇ ಚೆನ್ನಾಗಿ ಬರುತ್ತದೆ.