ಗುಡ್ಡದ ಪಾದದ ಮಸಾರಿ

ದಾವಣಗೆರೆ ಜಿಲ್ಲೆಯ ಜಗಳೂರು ಸೀಮೆಯಲ್ಲಿ ಗುಡ್ಡದ ಬುಡದ ಹೊಲದಲ್ಲೆಲ್ಲಾದರೂ ಹೊಸದಾಗಿ ತೋಡಿದ ಕೃಷಿ ಹೊಂಡ ಕಂಡರೆ, ನೀರು ತುಂಬುವ ಮುಂಚೆ ಒಮ್ಮೆ ಒಳಗಿಳಿದು ಅದರ ಪಕ್ಕೆಯನ್ನು ನೋಡಬೇಕು. ಮೇಲಿನ ನಾಲ್ಕೈದು ಬೆರಳು ಮಣ್ಣು ಸಡಿಲ, ಬಣ್ಣ ಪೇಲವ. ಅಂಗೈಯಲ್ಲಿ ಉಜ್ಜಿದರೆ ಬೆಣಚಿನ ಚೂಪು ಹರಳು ಚುಚ್ಚುತ್ತವೆ. ಅದರ ಕೆಳಗೆ ಬಣ್ಣ ದಟ್ಟ ಕೆಂಪಿಗೆ ತಿರುಗಿ ಮಣ್ಣು ಬಿಗಿಯಾಗುತ್ತದೆ. ಅಲ್ಲಿಂದ ಒಂದು ಹೆಂಟೆ ಒಡೆದರೆ ಒಳಮೈಯಲ್ಲಿ ಜೇಡಿಯ ತೆಳು ಪೊರೆ ಬಿಸಿಲಿಗೆ ಮಿನುಗುತ್ತದೆ. ಇನ್ನೂ ಕೆಳಗೆ, ಮೊಣಕಾಲಿನಿಂದ ಸೊಂಟದ ಆಳದೊಳಗೆ, ಕೆಂಪಿನ ನಡುವೆ ಬಿಳಿ ಚುಕ್ಕೆ, ಬಿಳಿ ಎಳೆ ಕಾಣತೊಡಗುತ್ತವೆ. ಅಲ್ಲಿರುವ ಒಂದು ಕಲ್ಲನ್ನು ಕಿತ್ತು ತಿರುಗಿಸಿ ನೋಡಿ. ಮೇಲ್ಮೈ ಸ್ವಚ್ಛವಾಗಿದ್ದು, ತಳಕ್ಕೆ ಮಾತ್ರ ಬಿಳಿ ಲೇಪ ಅಂಟಿರುತ್ತದೆ. ನಿಂಬೆಹಣ್ಣು ಹಿಂಡಿದರೆ ಆ ಲೇಪ ನೊರೆಯುಕ್ಕುತ್ತದೆ. ಅದು ಸುಣ್ಣ. ಹೊಂಡದ ತಳದಲ್ಲಿ ಸಿಗುವುದು ಕಲ್ಲೂ ಅಲ್ಲದ, ಮಣ್ಣೂ ಅಲ್ಲದ ನೊರಜು. ಗ್ರಾನೈಟ್ ಇದ್ದ ಜಾಗದಲ್ಲೇ ಕೊಳೆತು, ಕೈಯಲ್ಲಿ ಹಿಸುಕಿದರೆ ಉದುರುವಷ್ಟು ಬಲ ಕಳೆದುಕೊಂಡಿರುತ್ತದೆ.

ಸುಣ್ಣದ ಈ ಪದರದ ಬಗ್ಗೆ ನಮ್ಮಲ್ಲಿ ಮಾತಾಡುವವರು ಕಡಿಮೆ. ಮಳೆ ಬರಲಿಲ್ಲ, ಬೋರು ಬತ್ತಿತು, ನೀರಾವರಿ ಬೇಕು ಎನ್ನುವ ಮಾತು ಎಲ್ಲ ಸಭೆಗಳಲ್ಲೂ ಕೇಳುತ್ತದೆ. ಆದರೆ ಬಂದ ನೀರು ಎಷ್ಟು ಆಳಕ್ಕೆ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸುವುದು ಈ ಕೆಂಪು ಮತ್ತು ಬಿಳಿ ಪದರಗಳೇ.

ಗ್ರಾನೈಟ್ ಎಂದರೆ ಮುಖ್ಯವಾಗಿ ಮೂರು ಖನಿಜ: ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕ. ಚಿತ್ರದುರ್ಗದ ಸುತ್ತಿನ ಗ್ರಾನೈಟಿಗೆ ಸುಮಾರು 260 ಕೋಟಿ ವರ್ಷ ವಯಸ್ಸು. ಅದರ ಸುತ್ತಮುತ್ತಲ ನೈಸ್ ಶಿಲೆ ಇನ್ನೂ ಹಳೆಯದು. ಬಿಸಿಲಿಗೆ ಹಿಗ್ಗಿ, ಇರುಳಿನ ತಂಪಿಗೆ ಕುಗ್ಗಿ, ಬಿರುಕಿಗೆ ನೀರಿಳಿದು ಕಲ್ಲು ಬಿಚ್ಚಿಕೊಂಡಾಗ ಬೆಣಚು ಕರಗದೆ ಮರಳಾಗಿ ಉಳಿಯುತ್ತದೆ. ಫೆಲ್ಡ್‌ಸ್ಪಾರ್ ನಿಧಾನವಾಗಿ ಜೇಡಿಯಾಗುತ್ತದೆ. ಕಪ್ಪು ಅಭ್ರಕದೊಳಗಿನ ಕಬ್ಬಿಣ ಗಾಳಿಗೆ ತುಕ್ಕಾಗಿ ಮಣ್ಣಿಗೆ ಕೆಂಪು ಬಣ್ಣ ಕೊಡುತ್ತದೆ. ಮಸಾರಿ ಎಂದು ಕರೆಯುವ ಈ ಕೆಂಪು ಮಣ್ಣಿನ ಗುಣವೆಲ್ಲ ಈ ಮೂರರಿಂದಲೇ ಬಂದದ್ದು: ಬೇಗ ಕುಡಿಯುತ್ತದೆ, ಬೇಗ ಆರುತ್ತದೆ, ಉಳುಮೆಗೆ ಹಗುರ, ಸಾರ ಕಡಿಮೆ.

ಈ ಚೂರುಗಳನ್ನು ಗುಡ್ಡದಿಂದ ಕೆಳಗಿಳಿಸುವುದು ಅಪರೂಪಕ್ಕೆ ಬರುವ ಜೋರು ಮಳೆ. ಕಿರಿದಾದ ಕೊರಕಲಿನಲ್ಲಿ ರಭಸದಿಂದ ಬಂದ ಹಳ್ಳ ಬಯಲಿಗೆ ಬಿದ್ದೊಡನೆ ಹರಡಿಕೊಂಡು ಬಲ ಕಳೆದುಕೊಳ್ಳುತ್ತದೆ. ಕಣದಲ್ಲಿ ರಾಶಿ ತೂರುವಾಗ ಗಟ್ಟಿ ಕಾಳು ಹತ್ತಿರ ಬಿದ್ದು ಹೊಟ್ಟು ದೂರ ಹೋಗುವ ಹಾಗೆ, ದಪ್ಪ ಕಲ್ಲು ಗುಡ್ಡದ ಬಾಯಲ್ಲೇ ಉಳಿಯುತ್ತದೆ. ಅದರಾಚೆ ಗರಸು, ಆಮೇಲೆ ಮರಳು, ಕೊನೆಗೆ ಜೇಡಿ. ನಿಜವಾದ ಮರುಭೂಮಿಗಳಲ್ಲಿ ಇದು ಮೈಲುಗಟ್ಟಲೆ ಅಗಲದ ಬೀಸಣಿಗೆಯಾಗಿ ಬೆಳೆಯುತ್ತದೆ. ಅಮೆರಿಕದ ಮೊಹಾವಿಯಲ್ಲಿ ಅಂಥವು ಸಾಲುಸಾಲಾಗಿವೆ. ನಮ್ಮ ದೇಶದಲ್ಲೇ ನೋಡಬೇಕೆಂದರೆ ರಾಜಸ್ಥಾನದ ಜಾಲೋರ್, ಸಿವಾನಾ ಕಡೆಯ ಗ್ರಾನೈಟ್ ಗುಡ್ಡಗಳ ಬುಡಕ್ಕೆ ಹೋಗಬೇಕು. ಜಗಳೂರಿನಲ್ಲಿ ಆ ಗಾತ್ರದ ಬೀಸಣಿಗೆ ಇಲ್ಲ. ಇಲ್ಲಿರುವುದು ಗುಡ್ಡದ ಪಾದದ ಇಳಿಜಾರು ಬಂಡೆ, ಅದರ ಮೇಲೆ ಮೊಳದಿಂದ ಆಳುದ್ದದವರೆಗೆ ಹೊದಿಸಿದ ಕೆಂಪು ಮಣ್ಣು. ಮಳೆಯೂ ಮರುಭೂಮಿಯಷ್ಟು ಕಡಿಮೆಯಲ್ಲ. ಮರುಭೂಮಿಯಲ್ಲಿ ವರ್ಷಕ್ಕೆ 250 ಮಿ.ಮೀ. ದಾಟುವುದೇ ಕಷ್ಟ, ಜಗಳೂರಿಗೆ 500 ಮಿ.ಮೀ. ಆಸುಪಾಸು ಬೀಳುತ್ತದೆ. ಆದರೆ ಬಿಸಿಲು ಮತ್ತು ಗಾಳಿ ಹೀರಿಕೊಳ್ಳುವ ನೀರು ಇದಕ್ಕಿಂತ ಎಷ್ಟೋ ಪಾಲು ಹೆಚ್ಚು. ಹಾಗಾಗಿ ಮಣ್ಣು ಮರುಭೂಮಿಯ ಕೆಲವು ಗುಣಗಳನ್ನು ತಳೆದಿದೆ. ಅವುಗಳಲ್ಲಿ ಮೊದಲನೆಯದು ಆ ಬಿಳಿ ಲೇಪ.

ಅದನ್ನು ಕೂಲಂಕಷವಾಗಿ ಅಭ್ಯಾಸ ಮಾಡಿದ್ದು ಅಮೆರಿಕದ ನ್ಯೂ ಮೆಕ್ಸಿಕೊದ ಲಾಸ್ ಕ್ರೂಸಸ್ ಬಳಿ. 1957ರಿಂದ 1972ರವರೆಗೆ ಅಲ್ಲಿನ ಮಣ್ಣು ಸಂರಕ್ಷಣಾ ಇಲಾಖೆ ನಡೆಸಿದ ಮರುಭೂಮಿ ಮಣ್ಣಿನ ಯೋಜನೆಯಲ್ಲಿ ಲೆಲ್ಯಾಂಡ್ ಗೈಲ್ ಮತ್ತು ಸಂಗಡಿಗರು ಗುಂಡಿ ತೋಡಿ ತೋಡಿ ನೋಡಿದರು. ಸುಣ್ಣ ಕೂಡುವುದಕ್ಕೆ ನಾಲ್ಕು ಹಂತ ಇದೆಯೆಂದು ಅವರು 1966ರಲ್ಲಿ ಪ್ರಕಟಿಸಿದರು. ಮೊದಲು ಕಲ್ಲಿನ ತಳಕ್ಕೆ ತೆಳು ಲೇಪ. ಇಳಿಯುವ ನೀರು ಕಲ್ಲಿನ ಅಡಿಯಲ್ಲಿ ಹನಿಯಾಗಿ ನಿಂತು ಅಲ್ಲೇ ಆರುವುದರಿಂದ ಲೇಪ ತಳಕ್ಕೆ ಮಾತ್ರ. ಆಮೇಲೆ ಗಂಟುಗಳು. ಮೂರನೆಯ ಹಂತದಲ್ಲಿ ಮಣ್ಣಿನ ಸಂದುಗಳೆಲ್ಲ ಸುಣ್ಣದಿಂದ ಮುಚ್ಚಿ ಹೋಗುತ್ತವೆ. ನಾಲ್ಕನೆಯದರಲ್ಲಿ ನೀರು ಇಳಿಯಲಾಗದೆ ಮೇಲೆಯೇ ಹರಡಿ ಹಾಸುಗಲ್ಲಿನಂಥ ಪದರ ಕಟ್ಟುತ್ತದೆ. ಈ ಕೆಲಸಕ್ಕೆ ಸಾವಿರಾರು, ಕೆಲವೆಡೆ ಲಕ್ಷಾಂತರ ವರ್ಷ ಬೇಕು. ಅವರು ಕಂಡ ಇನ್ನೊಂದು ಸಂಗತಿ ನಮಗೆ ಹೆಚ್ಚು ಹತ್ತಿರದ್ದು. ಸುಣ್ಣಕಲ್ಲಿನ ಬೆಟ್ಟದಿಂದ ಬಂದ ಮೆಕ್ಕಲಿನಲ್ಲಿ ಕೆಂಪು ಜೇಡಿಯ ಪದರ ಸರಿಯಾಗಿ ಬೆಳೆಯುವುದಿಲ್ಲ. ಗ್ರಾನೈಟ್ ಜಾತಿಯ ಕಲ್ಲಿನ ಮೆಕ್ಕಲಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. ಗ್ರಾನೈಟಿನಲ್ಲಿ ಸುಣ್ಣದಂಶ ಕಡಿಮೆ. ಅಲ್ಲಿ ಕಂಡ ಬಿಳುಪಿನ ಬಹುಪಾಲನ್ನು ಗಾಳಿಯ ಧೂಳು ಮತ್ತು ಮಳೆಹನಿ ತಂದಿದ್ದವು. ನಮ್ಮ ಕಡೆ ಕಲ್ಲಿನೊಳಗಿನ ಫೆಲ್ಡ್‌ಸ್ಪಾರ್ ಕೂಡ ಒಂದು ಪಾಲು ಕೊಡುತ್ತದೆ. ಮಳೆ ಹೆಚ್ಚಿರುವ ಕಡೆ ಆ ಸುಣ್ಣ ತೊಳೆದು ಹೋಗಿ ಹೊಳೆ ಸೇರುತ್ತದೆ, ಒಣಸೀಮೆಯಲ್ಲಿ ಅಲ್ಲೇ ಉಳಿಯುತ್ತದೆ.

ನಮ್ಮ ದಾವಣಗೆರೆ ಜಿಲ್ಲೆಯಲ್ಲೇ ಪಶ್ಚಿಮಕ್ಕೆ ಹೋದರೆ ಕಥೆ ಬೇರೆ. ಹೊನ್ನಾಳಿ, ನ್ಯಾಮತಿಗಳಲ್ಲಿ ತುಂಗಭದ್ರೆಯ ದಂಡೆಯ ಮೆಕ್ಕಲು ಮಣ್ಣು, ಭದ್ರಾ ನಾಲೆಯ ಗದ್ದೆ ಇವೆ. ಕುದುರೆಕೊಂಡದ ಕಡೆ ಒಂದು ಕಾಲಕ್ಕೆ ಚಿನ್ನ ಹುಡುಕಿದ ಬೆಣಚಿನ ಎಳೆಗಳಿವೆ. ಚನ್ನಗಿರಿಯ ಉಬ್ರಾಣಿ ಭಾಗದಲ್ಲಿ ಕಬ್ಬಿಣ, ಟೈಟಾನಿಯಂ ಬೆರೆತ ಕಪ್ಪು ಅದಿರಿನ ಶಿಲೆ. ಗ್ರಾನೈಟ್ ಅಲ್ಲದ ಇಂಥ ಶಿಲೆಗಳ ಮಣ್ಣಿಗೆ ಕಸುವು ಜಾಸ್ತಿ. ಮಳೆಯೂ ಹೆಚ್ಚು ಬೀಳುವುದರಿಂದ ಸುಣ್ಣ ಮೇಲೆ ನಿಲ್ಲುವುದು ಅಪರೂಪ. ಸುತ್ತಲ ಗುಡ್ಡಗಳು ಬಿಟ್ಟುಕೊಟ್ಟ ಸಣ್ಣ ಕಣವೆಲ್ಲ ಹರಿದ್ರಾವತಿ ಹಳ್ಳದ ಜೊತೆ ಸೂಳೆಕೆರೆಗೆ ಬಂದು ಕೂರುತ್ತದೆ. ಕೆರೆಯ ಹೂಳೆಂದರೆ ಗುಡ್ಡ ಕಳೆದುಕೊಂಡ ಜೇಡಿಯೇ.

ಜಗಳೂರಿನಲ್ಲೂ ಎಲ್ಲ ಹೊಲ ಒಂದೇ ಅಲ್ಲ. ದಿನ್ನೆಯ ಮೇಲೆ ಕೆಂಪು ಮಸಾರಿ, ತಗ್ಗಿನಲ್ಲಿ ಕಪ್ಪು ಎರೆ. ಅಡಿಯ ಕಲ್ಲು ಎರಡಕ್ಕೂ ಒಂದೇ ಆಗಿದ್ದರೂ, ಮೇಲಿನಿಂದ ತೊಳೆದು ಬಂದ ಸುಣ್ಣ ಮತ್ತು ಲವಣ ತಗ್ಗಿನಲ್ಲಿ ಕೂಡಿ, ನೀರು ಮಡುಗಟ್ಟಿ, ಬೇರೆ ಜಾತಿಯ ಜೇಡಿ ಹುಟ್ಟುತ್ತದೆ. ಅದು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಹೊಲ ಕೊಳ್ಳುವಾಗ ಹಿರಿಯರು ಬದುವಿನ ಮೇಲೆ ನಿಂತು ಇಳಿಜಾರು ನೋಡುತ್ತಿದ್ದುದು ಸುಮ್ಮನೆ ಅಲ್ಲ.

ಬಿಳಿ ಪದರಕ್ಕೂ ಜಗಳೂರಿನ ಕುಡಿಯುವ ನೀರಿಗೂ ನಂಟಿದೆ. ಈ ತಾಲ್ಲೂಕಿನ ಕೊಳವೆಬಾವಿಗಳ ಫ್ಲೋರೈಡ್ ಸಮಸ್ಯೆ ಹಳೆಯದು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬ ಮಿತಿಯಿದೆ. ಮೀರಿದ ನೀರನ್ನೇ ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ದೊಡ್ಡವರ ಕೀಲು ಬಿಗಿಯುತ್ತದೆ. ಫ್ಲೋರೈಡ್ ಬರುವುದು ಗ್ರಾನೈಟಿನ ಕಪ್ಪು ಅಭ್ರಕ, ಅಪಟೈಟ್, ಫ್ಲೋರೈಟ್‌ಗಳಿಂದ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡನ್ನು ಹಿಡಿದು ತಳಕ್ಕೆ ಇಳಿಸುತ್ತದೆ. ಒಣಸೀಮೆಯಲ್ಲಿ ಆ ಕ್ಯಾಲ್ಸಿಯಂ ಮೊದಲೇ ಸುಣ್ಣವಾಗಿ ಮಣ್ಣಿನಲ್ಲಿ ಕೂತುಬಿಡುವುದರಿಂದ, ಕೆಳಗಿನ ನೀರಿನಲ್ಲಿ ಫ್ಲೋರೈಡಿಗೆ ತಡೆ ಉಳಿಯುವುದಿಲ್ಲ. ಬೋರು ಆಳಕ್ಕೆ ಹೋದಷ್ಟೂ ನೀರು ಕಲ್ಲಿನ ಸಂಗಡ ಕಳೆದ ಕಾಲ ಹೆಚ್ಚು, ಫ್ಲೋರೈಡೂ ಹೆಚ್ಚಾಗುವ ಸಂಭವ ಜಾಸ್ತಿ. ಆದ್ದರಿಂದ ಇನ್ನೂ ಆಳಕ್ಕೆ ಕೊರೆಯುವುದನ್ನು ಪರಿಹಾರವೆಂದು ನಾನು ಒಪ್ಪಲಾರೆ. ಮಳೆನೀರು ಹಿಡಿಯುವುದು, ಹೊಳೆಯ ನೀರನ್ನು ಕೆರೆಗೆ ತರುವುದು ಇವೇ ದಾರಿ. ತುಂಗಭದ್ರೆಯಿಂದ ತಾಲ್ಲೂಕಿನ 57 ಕೆರೆ ತುಂಬಿಸುವ ಏತ ನೀರಾವರಿ ಯೋಜನೆಗೆ ಜನ ಅಷ್ಟು ಹಂಬಲಿಸಿದ್ದರಲ್ಲಿ ಅಚ್ಚರಿಯಿಲ್ಲ.

ಹೊಲದ ಮಟ್ಟಿಗೆ ಈ ಮಣ್ಣಿನ ದೊಡ್ಡ ತೊಂದರೆ ಮೇಲ್ಮೈಯದು. ಬಿತ್ತಿದ ಮೇಲೆ ಜೋರು ಮಳೆ ಹೊಡೆದು ಬಿಸಿಲು ಬಿದ್ದರೆ ಮೇಲೆ ಹಕ್ಕಳೆ ಕಟ್ಟಿ ಸಜ್ಜೆ, ನವಣೆಯ ಮೊಳಕೆ ಒಳಗೇ ಮುರುಟುತ್ತದೆ. ಹದ ನೋಡಿ ಹಗುರವಾಗಿ ಕುಂಟೆ ಆಡಿಸದಿದ್ದರೆ ಮುಂದಿನ ಮಳೆಯೂ ಒಳಗಿಳಿಯದೆ ಹರಿದು ಹೋಗುತ್ತದೆ. ಇದಕ್ಕೆ ನಮ್ಮ ಹಿಂದಿನವರು ಕಂಡುಕೊಂಡ ಮದ್ದು ಕೆರೆಗೋಡು, ಅಂದರೆ ಕೆರೆಯ ಹೂಳು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗೋಡು ಹೊಡೆದು ಮಸಾರಿಗೆ ಹರಡಿದರೆ, ಗುಡ್ಡದಿಂದ ಇಳಿದು ಹೋಗಿದ್ದ ಜೇಡಿ ಹೊಲಕ್ಕೆ ಮರಳುತ್ತದೆ. ಹಸಿ ಹೆಚ್ಚು ದಿನ ನಿಲ್ಲುತ್ತದೆ, ಗೊಬ್ಬರ ಹಿಡಿಯುತ್ತದೆ, ಕೆರೆಯೂ ಆಳವಾಗುತ್ತದೆ. ಒಂದೇ ಕೆಲಸಕ್ಕೆ ಇಷ್ಟು ಲಾಭ ಕೊಡುವ ಇನ್ನೊಂದು ಯೋಜನೆ ನನಗೆ ಕಂಡಿಲ್ಲ. ಹೂಳೆತ್ತುವ ಹೆಸರಿನಲ್ಲಿ ಆ ಮಣ್ಣು ಇಟ್ಟಿಗೆ ಭಟ್ಟಿಗೆ ಹೋಗುವುದನ್ನು ನೋಡಿದರೆ ಸಂಕಟವಾಗುತ್ತದೆ. ಇದಕ್ಕಿಂತ ಕೆಟ್ಟದ್ದು ಫಿಲ್ಟರ್ ಮರಳಿನ ದಂಧೆ. ಮಸಾರಿಯಲ್ಲಿ ಬೆಣಚು ಹೆಚ್ಚಿರುವುದೇ ಅದಕ್ಕೆ ಶಾಪವಾಗಿದೆ. ಕೋಲಾರ, ಬೆಂಗಳೂರು ಗ್ರಾಮಾಂತರದ ಕಡೆ ಹೊಲದ ಮಣ್ಣನ್ನೇ ತೊಳೆದು ಮರಳು ತೆಗೆದು, ಸಾರವಿರುವ ಜೇಡಿಯನ್ನು ಕೆಸರು ನೀರಾಗಿ ಹಳ್ಳಕ್ಕೆ ಬಿಟ್ಟರು. ಸಾವಿರಾರು ವರ್ಷಕ್ಕೆ ಕಟ್ಟಿದ ಪದರವನ್ನು ಆ ಹೊಲಗಳು ಒಂದೇ ಬೇಸಿಗೆಯಲ್ಲಿ ಕಳೆದುಕೊಂಡವು.

ಈಗ ಜಗಳೂರಿಗೂ ಅಡಿಕೆ ಬಂದಿದೆ. ಚನ್ನಗಿರಿಯ ತೋಟ ನೋಡಿ ಬಂದವರಿಗೆ ಆಸೆಯಾಗುವುದು ಸಹಜ, ತಪ್ಪೂ ಅಲ್ಲ. ಆದರೆ ಕೆರೆಗೆ ನೀರು ಬಂದ ಮಾತ್ರಕ್ಕೆ ಮಣ್ಣು ಚನ್ನಗಿರಿಯದಾಗುವುದಿಲ್ಲ. ಗುಡ್ಡದ ಬುಡದ ಗರಸಿನಲ್ಲಿ ಹನಿ ನೀರಾವರಿ ಕೊಟ್ಟರೂ ಸಸಿ ಒಣಗಬಹುದು. ತಗ್ಗಿನ ಎರೆಯಲ್ಲಿ ನೀರು ಹೆಚ್ಚಾಗಿ ಬೇರು ಕೊಳೆಯಬಹುದು. ಬಸಿಗಾಲುವೆಯಿಲ್ಲದೆ ವರ್ಷವಿಡೀ ನೀರು ಬಿಟ್ಟರೆ ತಗ್ಗಿನ ಹೊಲ ಸವಳಾಗುತ್ತದೆ. ನಾಲೆ ಬಂದ ಬಯಲುಸೀಮೆಯ ಅನೇಕ ಕಡೆ ಅದು ಆಗಿಹೋಗಿದೆ. ಸುಣ್ಣ ಮೇಲಿರುವ ಹೊಲದಲ್ಲಿ ಶೇಂಗಾದ ಎಳೆ ಎಲೆ ಹಳದಿಯಾಗುವುದುಂಟು. ಯೂರಿಯಾ ಎಷ್ಟು ಸುರಿದರೂ ಅದು ಹಸಿರಾಗದು, ಏಕೆಂದರೆ ಅಲ್ಲಿ ಕೊರತೆ ಕಬ್ಬಿಣದ್ದು. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಸುಣ್ಣ ಅದನ್ನು ಬೇರಿಗೆ ಸಿಗದಂತೆ ಮಾಡಿರುತ್ತದೆ. ಕಬ್ಬಿಣದ ಸಲ್ಫೇಟ್ ಎಲೆಗೆ ಸಿಂಪಡಿಸಿದರೆ ಸುಧಾರಿಸುತ್ತದೆ.

ಸುಜಲಾ ಜಲಾನಯನ ಯೋಜನೆಯ ಮೂರನೇ ಹಂತದಲ್ಲಿ ಈ ಜಿಲ್ಲೆಯ ಜಲಾನಯನಗಳ ಮಣ್ಣಿನ ಆಳ, ಇಳಿಜಾರು, ಗರಸು, ಸುಣ್ಣವನ್ನು ಸರ್ವೆ ನಂಬರ್‌ವಾರು ಅಳೆಯುವ ಕೆಲಸ ನಡೆದಿದೆ. ಸಸಿ ತರುವ ಮುಂಚೆ ಆ ಮಾಹಿತಿ ಕೇಳಿ ಪಡೆಯುವ ಹಕ್ಕು ರೈತರಿಗಿದೆ. ಕತ್ತಲಗೆರೆ ಕೃಷಿ ಸಂಶೋಧನಾ ಕೇಂದ್ರದಲ್ಲೋ, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲೋ ವಿಚಾರಿಸಬಹುದು. ಅದಕ್ಕೂ ಮುಂಚೆ ಹೊಲದ ತಲೆಯಲ್ಲಿ, ನಡುವೆ, ಕೊನೆಯಲ್ಲಿ ಒಂದೊಂದು ಗುಂಡಿ ನಾಲ್ಕಡಿ ಆಳ ತೆಗೆಸಿ, ಬಿಳುಪು ಎಷ್ಟು ಆಳಕ್ಕೆ ಶುರುವಾಗುತ್ತದೆಂದು ನೋಡಬೇಕು. ನಾಲ್ಕಡಿಯವರೆಗೂ ಕೆಂಪೇ ಇದ್ದು, ಕಲ್ಲಿನ ತಳದಲ್ಲಿ ಮಾತ್ರ ಲೇಪವಿದ್ದರೆ ಬೇರಿಗೆ ಜಾಗವಿದೆ. ಎರಡಡಿಗೇ ಹಾರೆ ಠಣ್ಣೆಂದರೆ ಆ ಹೊಲಕ್ಕೆ ಸಜ್ಜೆ, ಹುರುಳಿ, ಬದುವಿನಲ್ಲಿ ಹುಣಸೆ. ಅಡಿಕೆಗೆ ತೆಗೆದಿಟ್ಟ ದುಡ್ಡು ಕೆರೆಗೋಡು ಹೊಡೆಸಲಿಕ್ಕೆ ಸಾಕಾಗಿ ಮಿಗುತ್ತದೆ.